ಅಂಗೈಗೆ ಕೇಳಿದ ಇಂಜಿನ್

ಪ್ರೆಸ್ಸಣ್ಣನ ಕಿವಿ ಒಂದೇ ದಿನದಲ್ಲಿ ಹೋದದ್ದಲ್ಲ. ಶಾಲೆಯ ಪಠ್ಯಪುಸ್ತಕ ಅಚ್ಚು ಹಾಕುವ ದೊಡ್ಡ ಪ್ರೆಸ್ಸಿನಲ್ಲಿ ಅವನು ಮೂವತ್ತೊಂದು ವರ್ಷ ಮೆಷಿನ್‌ಮ್ಯಾನ್ ಆಗಿದ್ದ. ಅಲ್ಲಿನ ಗದ್ದಲದಲ್ಲಿ ಪಕ್ಕದವನು ಗಂಟಲು ಹರಿಯುವ ಹಾಗೆ ಕೂಗಿದರೂ ತುಟಿ ನೋಡಿಯೇ ತಿಳಿದುಕೊಳ್ಳಬೇಕಿತ್ತು. ಕಿವಿಗೆ ಹತ್ತಿ ಇಟ್ಟುಕೋ ಎಂದು ಹಿರಿಯ ಕೆಲಸಗಾರರು ಬುದ್ಧಿ ಹೇಳಿದ್ದರು. ಹತ್ತಿ ಇಟ್ಟರೆ ಮೆಷಿನ್ನಿನ ನಾಡಿ ಸಿಗುವುದಿಲ್ಲ ಎಂಬ ಹಟ ಇವನದು. ನಿಜ ಹೇಳಬೇಕೆಂದರೆ ಆ ನಾಡಿ ಅವನಿಗೆ ಸಿಗುತ್ತಿದ್ದದ್ದು ಕಾಲಿನಿಂದ. ಚಪ್ಪಲಿ ಕಳಚಿ ಸಿಮೆಂಟು ನೆಲದ ಮೇಲೆ ನಿಂತರೆ ಸಾಕು, ಯಾವ ರೋಲರಿನ ಬೇರಿಂಗು ಸವೆದಿದೆ ಎಂದು ಅಂಗಾಲು ಹೇಳುತ್ತಿತ್ತು.

ಮೊದಲು ಗೋಡೆ ಗಡಿಯಾರದ ಸದ್ದು ಹೋಯಿತು. ಆಮೇಲೆ ಬಾಗಿಲ ಗಂಟೆ. ಕೊನೆಗೆ ಹೆಂಡತಿಯ ದನಿ. "ಹೆಂಡತಿ ಮಾತು ಕಿವಿಗೆ ಹಾಕಿಕೊಳ್ಳದ ಗಂಡಸರು ಬೀದಿ ತುಂಬ ಇದ್ದಾರೆ. ಇವರೂ ಆ ಗುಂಪಿಗೆ ಸೇರಿದರು ಅಂದುಕೊಂಡೆ. ಕಿವಿಯೇ ಹೋಗಿದೆ ಅಂತ ಗೊತ್ತಾಗೋಕೆ ಎರಡು ವರ್ಷ ಹಿಡೀತು" ಎಂದು ಅವಳು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಪ್ರೆಸ್ಸಿಗೆ ಹೊಸ ಯಂತ್ರ ಬಂತು. ಎಲ್ಲಾದರೂ ಕಾಗದ ಸಿಕ್ಕಿಕೊಂಡರೆ ತಾನೇ ಪೀಂ ಪೀಂ ಎಂದು ಕೂಗಿ ಎಚ್ಚರಿಸುವಂಥದ್ದು. ಒಂದು ಮಧ್ಯಾಹ್ನ ಅದು ಕೂಗಿತು. ಅತ್ತಿತ್ತ ಇದ್ದವರೆಲ್ಲ ಬಿದ್ದೆನೋ ಎದ್ದೆನೋ ಎಂದು ಓಡಿ ಬಂದರು. ಯಂತ್ರದ ಮಗ್ಗುಲಲ್ಲೇ ಇದ್ದ ಪ್ರೆಸ್ಸಣ್ಣ ಮಾತ್ರ ಶಾಯಿ ಡಬ್ಬದ ಮುಚ್ಚಳ ಬಿಚ್ಚುತ್ತಾ ನಿಂತೇ ಇದ್ದ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ತಿಂಗಳ ಕೊನೆಗೆ ಮ್ಯಾನೇಜರು ಅವನನ್ನು ಎದುರು ಕೂರಿಸಿಕೊಂಡು, ಬಹಳ ಮರ್ಯಾದೆಯಿಂದ, ಒಂದು ಚೀಟಿಯಲ್ಲಿ ಬರೆದು ತೋರಿಸಿದರು: ಇಷ್ಟು ದುಡಿದದ್ದು ಸಾಕು, ಇನ್ನು ಮನೆಯಲ್ಲಿ ಆರಾಮಾಗಿರಿ.

ಆರಾಮು ಎಂದರೆ ಏನೆಂದು ಪ್ರೆಸ್ಸಣ್ಣನಿಗೆ ಗೊತ್ತಿರಲಿಲ್ಲ. ಮೊದಮೊದಲು ಬೀದಿಗೆ ಹೋಗುತ್ತಿದ್ದ. ಯಾರು ಏನು ಹೇಳಿದರೂ ನಕ್ಕು ತಲೆಯಾಡಿಸುವುದು ರೂಢಿಯಾಯಿತು. ಹಾಗೆ ಒಂದು ದಿನ ಬೀದಿಯ ಕೊನೆಯ ಟೈಲರ್ ಎದುರು ಸಿಕ್ಕಿ ಏನೋ ಹೇಳಿದ. ಪ್ರೆಸ್ಸಣ್ಣ ಅವನ ಬೆನ್ನು ತಟ್ಟಿ, "ಒಳ್ಳೇದಾಯ್ತು, ಬಹಳ ಒಳ್ಳೇದಾಯ್ತು!" ಎಂದ. ಟೈಲರ್ ಹೇಳಿದ್ದು ತನ್ನ ತಾಯಿ ತೀರಿಕೊಂಡ ಸುದ್ದಿಯನ್ನು. ಸಂಜೆ ಹೆಂಡತಿ ಕಾಗದದ ಮೇಲೆ ಅದನ್ನು ಬರೆದು ತೋರಿಸಿದಾಗ ಪ್ರೆಸ್ಸಣ್ಣನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅಂದಿನಿಂದ ಅವನು ಗೇಟು ದಾಟಲಿಲ್ಲ. ತನ್ನ ದನಿ ಎಷ್ಟು ಜೋರಾಗಿದೆ ಎಂಬ ಅಂದಾಜೂ ತಪ್ಪಿದ್ದರಿಂದ ಮಾತೂ ನಿಂತಿತು. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒಣಹಾಕಿದ ಬಟ್ಟೆ ಗಾಳಿಗೆ ಅಲ್ಲಾಡುವುದನ್ನು ನೋಡುವುದೇ ದಿನಚರಿಯಾಯಿತು. ಹೀಗೆ ಒಂದೂವರೆ ವರ್ಷ ಕಳೆಯಿತು.

ಅವನಿಗೆ ಒಬ್ಬಳೇ ತಂಗಿ. ಹೆರಿಗೆ ನರ್ಸ್. ಮೂರು ಮನೆ ಆಚೆ ಅವಳ ವಾಸ. ಇಪ್ಪತ್ತಾರು ವರ್ಷದಲ್ಲಿ ಆ ಬಡಾವಣೆಯ ಅರ್ಧ ಮಕ್ಕಳು ಮೊದಲು ಬಿದ್ದದ್ದು ಅವಳ ಕೈಗೇ. ಊರಿಗೆಲ್ಲ ಅವಳು ಸಿಸ್ಟರ್. "ಎಲ್ಲರಿಗೂ ಬಾಯಿಮಾತಿನ ಸಿಸ್ಟರ್, ನನಗೊಬ್ಬನಿಗೇ ಅಸಲಿ" ಎಂದು ಪ್ರೆಸ್ಸಣ್ಣ ಹಿಂದೆಲ್ಲ ತಮಾಷೆ ಮಾಡುತ್ತಿದ್ದ. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ ಕೆಲಸ ಬಿಡುವಾಗ ತಮ್ಮ ಹಳೆಯ ಕಾರನ್ನು ಸಿಸ್ಟರಿಗೇ ಕೊಟ್ಟುಹೋದರು. ಒಂದು ಕಾಲದಲ್ಲಿ ಭಾರಿ ಶ್ರೀಮಂತರ ಮನೆಮುಂದೆ ಮಾತ್ರ ಕಾಣುತ್ತಿದ್ದ ಕಾರು ಅದು. ಉದ್ದನೆಯ ಮೂತಿ, ಒಳಗೆ ಮರದ ಪಟ್ಟಿ, ಸೋಫಾದಂಥ ಚರ್ಮದ ಸೀಟು. ಬೀದಿಯವರು ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟರು. ಹೆರಿಗೆಯಾದ ಬಾಣಂತಿಯರನ್ನೂ ಕೂಸುಗಳನ್ನೂ ಆಸ್ಪತ್ರೆಯಿಂದ ಮನೆಗೆ ಮುಟ್ಟಿಸಲು ಸಿಸ್ಟರ್ ಅದನ್ನು ಓಡಿಸುತ್ತಿದ್ದಳು.

ಆದರೆ ದೊರೆಸಾನಿಗೆ ಇತ್ತೀಚೆಗೆ ನಡುಕ ಹಿಡಿದಿತ್ತು. ನಿಂತಲ್ಲೇ ಗಡಗಡ ನಡುಗುವುದು. ಗೇರು ಹಾಕಿದರೆ ಸೀಟಿನಡಿಯಿಂದ ಯಾರೋ ಒದ್ದ ಹಾಗೆ ಧಡ್ ಎನ್ನುವುದು. ಒಬ್ಬ ಬಾಣಂತಿಯಂತೂ ಅರ್ಧ ದಾರಿಯಲ್ಲಿ, "ಸಿಸ್ಟರ್, ನೀವು ಹಾಕಿದ ಹೊಲಿಗೆ ನಿಮ್ಮ ಕಾರೇ ಬಿಚ್ಚುತ್ತೆ, ನಾನು ಇಳಿದು ನಡೀತೀನಿ" ಎಂದುಬಿಟ್ಟಳು. ಸಿಸ್ಟರ್ ದೊಡ್ಡ ರಸ್ತೆಯ ಗ್ಯಾರೇಜಿಗೆ ಹೋದಳು. ಮಾಲೀಕ ಬಾನೆಟ್ ಎತ್ತಿ ನೋಡಿ, ತುಟಿ ಚಪ್ಪರಿಸಿ, "ಇಂಜಿನ್ನೇ ಬಿಚ್ಚಬೇಕು. ಅಷ್ಟು ಮಾಡಿದರೂ ಗ್ಯಾರಂಟಿ ಇಲ್ಲ. ಗುಜರಿಗೆ ಹಾಕೋದು ವಾಸಿ" ಎಂದ.

ಮುಖ ಸಪ್ಪೆ ಮಾಡಿಕೊಂಡು ಬಂದ ಸಿಸ್ಟರ್ ಕಾರನ್ನು ಅಣ್ಣನ ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದಳು. ಇಂಜಿನ್ ಇನ್ನೂ ಓಡುತ್ತಿತ್ತು. ಹಿತ್ತಿಲ ಮೆಟ್ಟಿಲ ಮೇಲಿದ್ದ ಪ್ರೆಸ್ಸಣ್ಣ ತಲೆಯೆತ್ತಿದ. ನೆಲದಿಂದ ಏನೋ ಅವನ ಅಂಗಾಲಿಗೆ ಬಂದಿತ್ತು. ಅವನು ಎದ್ದು ಬಂದು, ಯಾರನ್ನೂ ಕೇಳದೆ, ಕಾರಿನ ಮುಂಚಕ್ರದ ಮೇಲಿನ ತಗಡಿನ ರೆಕ್ಕೆಗೆ ಅಂಗೈ ಊರಿದ. ಆಮೇಲೆ ಬಾನೆಟ್ ಎತ್ತಿಸಿ, ಇಂಜಿನ್ನಿನ ತಲೆಯ ಮೇಲಿನ ಮುಚ್ಚಳಕ್ಕೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡ.

"ಇಂಜಿನ್ ಚೆನ್ನಾಗಿದೆ" ಎಂದ. ಒಂದೂವರೆ ವರ್ಷದ ಮೇಲೆ ಅವನಾಗಿ ಆಡಿದ ಮೊದಲ ಮಾತು. ಆಚೆ ಬೀದಿಗೂ ಕೇಳುವಷ್ಟು ಜೋರಾಗಿತ್ತು.

ಸಿಸ್ಟರ್ ಅವನ ಎದುರು ನಿಂತು, ತುಟಿ ಬಿಡಿಸಿ ಬಿಡಿಸಿ ಕೇಳಿದಳು: "ಮತ್ತೆ ಈ ನಡುಕ?"

"ಓಟದಲ್ಲಿ ಏರುಪೇರಿಲ್ಲ. ಕೂತಿರೋ ಜಾಗ ಸರಿಯಿಲ್ಲ. ಇಲ್ಲಿ ಕೈಯಿಡು, ಸಣ್ಣಗಿದೆ. ಈಗ ಬಾಡಿ ಮೇಲಿಡು, ಜಾಸ್ತಿ ಇದೆಯಲ್ಲ? ನಮ್ಮ ಮೂರನೇ ನಂಬರ್ ಮೆಷಿನ್ನಿಗೂ ಹೀಗೇ ಆಗಿತ್ತು. ಕೆಳಗಿನ ರಬ್ಬರು ಕೂತುಹೋಗಿತ್ತು."

ಒಳಗೆ ಹೋಗಿ ಕೂತು ಬ್ರೇಕ್ ಒತ್ತಿ ಹಿಡಿ, ಗೇರು ಹಾಕು, ಆಕ್ಸಿಲರೇಟರನ್ನು ಮುಟ್ಟಿದ ಹಾಗೆ ಮಾಡು ಎಂದು ಹೇಳಿ ಅವನು ಪಕ್ಕಕ್ಕೆ ಸರಿದು ನೋಡಿದ. ಇಂಜಿನ್ನು ಒಂದು ಮಗ್ಗುಲಲ್ಲಿ ಗೇಣುದ್ದ ಎನ್ನುವ ಹಾಗೆ ಮೇಲಕ್ಕೆದ್ದು ಧೊಪ್ಪನೆ ಕೂತಿತು. ಇಂಜಿನ್ನಿಗೂ ಕಾರಿನ ಚೌಕಟ್ಟಿಗೂ ನಡುವೆ ಎಡಕ್ಕೊಂದು ಬಲಕ್ಕೊಂದು ರಬ್ಬರಿನ ದಿಂಬು ಇರುತ್ತದೆ. ಗ್ಯಾರೇಜಿನವರ ಬಾಯಲ್ಲಿ ಅದು ಮೌಂಟು. ಈ ಜಾತಿಯ ಕಾರಿನಲ್ಲಿ ಅದರ ಹೊಟ್ಟೆಯೊಳಗೆ ಎಣ್ಣೆ ಬೇರೆ. ಬಲಗಡೆಯದರ ಎಣ್ಣೆಯೆಲ್ಲ ಸೋರಿಹೋಗಿ ಚೌಕಟ್ಟಿನ ಮೇಲೆ ಕಪ್ಪು ಜಿಡ್ಡಾಗಿ ಹರಿದಿತ್ತು.

"ಎರಡೂ ತರಿಸು. ಗೇರ್‌ಬಾಕ್ಸಿನ ಕೆಳಗಿನದೂ ಒಂದು ಬೇಕು. ಹೊಸದರ ಜೊತೆ ಹಳೇದನ್ನ ಬಿಟ್ಟರೆ ಅದು ಎರಡೇ ತಿಂಗಳಿಗೆ ಮುಷ್ಕರ ಹೂಡುತ್ತೆ" ಎಂದ ಪ್ರೆಸ್ಸಣ್ಣ. "ಇಲ್ಲೇ ಬಿಚ್ಚೋಣ."

ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಕೈಯಲ್ಲಿದ್ದ ಸೌಟು ಹಾಗೇ ಇತ್ತು.

ಮೌಂಟುಗಳು ಪಾರ್ಸೆಲ್ಲಿನಲ್ಲಿ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಡಾಕ್ಟರಮ್ಮನ ಮನೆಯಿಂದ ಸಿಸ್ಟರ್ ಕಾರಿನ ದಪ್ಪ ರಿಪೇರಿ ಪುಸ್ತಕ ತಂದುಕೊಟ್ಟಳು. ಪ್ರೆಸ್ಸಣ್ಣ ಅದನ್ನು ಮೊದಲ ಪುಟದಿಂದ ಓದಿದ. ಚಿತ್ರಗಳಲ್ಲಿ ಕೆಂಪು ಬಣ್ಣ ಒಂದೆಳೆ ಪಕ್ಕಕ್ಕೆ ಸರಿದಿದೆ, ಇಂಥ ಪುಸ್ತಕವನ್ನ ನಮ್ಮ ಪ್ರೆಸ್ಸಿನಲ್ಲಾದರೆ ರದ್ದಿಗೆ ಹಾಕುತ್ತಿದ್ದೆವು ಎಂದು ಹೆಂಡತಿಗೆ ತೋರಿಸಿದ. ಅವಳು ಕೈಮುಗಿದು, "ನಿಮ್ಮ ಕಣ್ಣಿಗೆ ಸೊಪ್ಪಿನೊಳಗಿನ ಹುಳ ಮಾತ್ರ ಯಾಕೆ ಕಾಣಲ್ಲ ಅಂತ!" ಎಂದಳು. ತುಟಿ ಓದಿ ಅವನು ನಕ್ಕ.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಸಿಸ್ಟರ್ ಆಸ್ಪತ್ರೆಯ ಹಳೆಯ ನೀಲಿ ಅಂಗಿ ತೊಟ್ಟು ಬಂದಳು. ಬ್ಯಾಟರಿಯ ತಂತಿ ಕಳಚಿದರು. ಕಾರಿನ ಮುಂಭಾಗವನ್ನು ಜಾಕಿನಿಂದ ಎತ್ತಿ, ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದರು. ಪ್ರೆಸ್ಸಣ್ಣ ಕಾರನ್ನು ನಾಲ್ಕು ಕಡೆಯಿಂದ ನೂಕಿ ನೋಡಿ, ಅದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ ಎಂದು ಖಾತ್ರಿಯಾದ ಮೇಲೇ ಕೆಳಗೆ ಹೋಗಲು ತಂಗಿಗೆ ಅಪ್ಪಣೆ ಕೊಟ್ಟ. ಕೆಳಗಿನ ತಗಡು ಬಿಚ್ಚಿದರು. ಇಂಜಿನ್ನಿನ ಎಣ್ಣೆ ತೊಟ್ಟಿಯ ಕೆಳಗೆ ಅಗಲವಾದ ಮರದ ತುಂಡಿಟ್ಟು, ಅದರ ಕೆಳಗೆ ಜಾಕ್ ಒಡ್ಡಿದರು. ಹಾಗೆ ಆನಿಸಿದ ಮೇಲೆ ಮೌಂಟಿನ ಬೋಲ್ಟು ಬಿಚ್ಚಬೇಕು.

ಕೆಳಗಿನ ಬೋಲ್ಟುಗಳು ಹಿಂದಿನ ದಿನ ಬಿಟ್ಟ ಎಣ್ಣೆಗೆ ಮಣಿದು ಬಂದವು. ಮೇಲಿನ ನಟ್ಟು ಮಾತ್ರ ಹೊಗೆ ಕೊಳವೆಗೂ ಇಂಜಿನ್ನಿನ ಹಿಂದಿರುವ ತಗಡಿನ ಗೋಡೆಗೂ ನಡುವಿನ ಸಂದಿಯಲ್ಲಿ ಅವಿತುಕೊಂಡಿತ್ತು. ಪ್ರೆಸ್ಸಣ್ಣನ ಮಣಿಕಟ್ಟು ಆ ಸಂದಿಗೆ ಹೋಗಲೊಲ್ಲದು. ಬಲವಂತ ಮಾಡಿ ಚರ್ಮ ತರಚಿಕೊಂಡ.

"ಸರಿ ಅತ್ಲಾಗೆ" ಎಂದು ತಂಗಿ ಅವನನ್ನು ಭುಜದಿಂದ ನೂಕಿ, ತನ್ನ ಸಣ್ಣ ಕೈಯನ್ನು ಸಂದಿಗೆ ಇಳಿಸಿದಳು.

"ಅಲ್ಲಿ ಏನೂ ಕಾಣೋದಿಲ್ಲ" ಎಂದ ಪ್ರೆಸ್ಸಣ್ಣ.

ಅವಳು ಅವನ ಕಡೆ ತಿರುಗಿ, "ನನ್ನ ಕೆಲಸದಲ್ಲಿ ಕಂಡದ್ದು ಯಾವಾಗ?" ಎಂದಳು. ಆಮೇಲೆ ಆಕಾಶ ನೋಡುತ್ತಾ, ಬೆರಳಿನಿಂದ ತಡವುತ್ತಾ ಹೋದಳು. ಹುಬ್ಬು ಗಂಟಿಕ್ಕಿತು, ಸಡಿಲಾಯಿತು. "ತಲೆ ಸಿಕ್ತು!" ಎಂದು ಕಿರುಚಿದಳು.

ಅತ್ತಿಗೆ ಕಿಟಕಿಯಿಂದಲೇ, "ಗಂಡೋ ಹೆಣ್ಣೋ?" ಎಂದು ಕೇಳಿದಳು.

ಅವರಿಬ್ಬರೂ ನಗುವುದು ಕಂಡು ಪ್ರೆಸ್ಸಣ್ಣ ಏನೆಂದು ಕೇಳಿದ. ಕೈಸನ್ನೆ ಮಾಡಿ ಹೇಳಿದಾಗ ಅವನಿಗೂ ನಗು ತಡೆಯಲಾಗಲಿಲ್ಲ. ಉದ್ದ ಸರಳಿನ ತುದಿಗೆ ನಟ್ಟು ಬಿಚ್ಚುವ ಪಾನ ಸಿಕ್ಕಿಸಿ ಅವನು ಮೇಲಿಂದ ಇಳಿಸಿದ. ಅವಳು ಅದನ್ನು ಕುರುಡುಗೈಯಲ್ಲೇ ನಟ್ಟಿನ ಮೇಲೆ ಕೂರಿಸಿದಳು. ಅವನು ಎಳೆದ. ಒಂದು ಸಲ, ಎರಡು ಸಲ. ಮೂರನೆಯದಕ್ಕೆ ಅದು ಟಣ್ಣೆಂದು ಸಡಿಲಿತು.

ಅಲ್ಲಿವರೆಗೆ ಎಲ್ಲ ಸುಸೂತ್ರ. ಇನ್ನು ಜಾಕಿನಿಂದ ಇಂಜಿನ್ನನ್ನು ಮೂರು ಬೆರಳಷ್ಟು ಮೇಲೆತ್ತಿದರೆ ಹಳೆಯ ಮೌಂಟು ಹೊರಬರುತ್ತದೆ. ಪ್ರೆಸ್ಸಣ್ಣ ಕೆಳಗೆ ಕುಕ್ಕರಗಾಲಲ್ಲಿ ಕೂತು ಜಾಕಿನ ಹಿಡಿ ಒತ್ತತೊಡಗಿದ. ಸಿಸ್ಟರ್ ಬಲಗಡೆ ಚಕ್ರದ ಹತ್ತಿರ ಮಲಗಿ ಮೌಂಟನ್ನು ಹಿಡಿದುಕೊಂಡಿದ್ದಳು. ಇಂಜಿನ್ನಿನ ಮುಂದಿನ ಫ್ಯಾನು ತನ್ನ ಸುತ್ತಲಿನ ಪ್ಲಾಸ್ಟಿಕ್ ಬಳೆಗೆ ತಾಗುತ್ತದೋ ಎಂದು ಮೇಲಿನಿಂದ ನೋಡಲು ಹೆಂಡತಿಯನ್ನು ನಿಲ್ಲಿಸಿದ್ದರು. ಇಂಜಿನ್ನು ಇಷ್ಟಿಷ್ಟೇ ಎದ್ದಿತು. ಫ್ಯಾನಿನ ಎಸಳು ಬಳೆಯ ಅಂಚಿಗೆ ಬಂತು.

"ಸಾಕು!" ಎಂದಳು ಹೆಂಡತಿ. ಪ್ರೆಸ್ಸಣ್ಣ ಒತ್ತುತ್ತಲೇ ಇದ್ದ. "ಸಾಕು ರೀ, ಸಾಕು, ಸಾಕು!" ಎಂದು ಅರಚಿದಳು. ಮೂವತ್ತು ವರ್ಷ ಕೂಗಿ ಕರೆದ ಅಭ್ಯಾಸ, ಅವನಿಗೆ ಕೇಳುವುದಿಲ್ಲ ಎಂಬುದು ಆ ಗಾಬರಿಯಲ್ಲಿ ಮರೆತೇಹೋಯಿತು. ಪ್ಲಾಸ್ಟಿಕ್ ಬಳೆ ಚಟ್ ಎಂದು ಬಿರುಕು ಬಿಟ್ಟಿತು. ಆಗ ಅವಳು ಪಕ್ಕದಲ್ಲಿದ್ದ ಪಾನ ಎತ್ತಿ ಕಾರಿನ ಮುಂದಿನ ಕಬ್ಬಿಣದ ಪಟ್ಟಿಗೆ ಬಲವಾಗಿ ಬಡಿದಳು. ಪ್ರೆಸ್ಸಣ್ಣನ ಕೈ ತಕ್ಷಣ ನಿಂತಿತು.

ಅವನು ಎದ್ದು ನೋಡಿದ. ಬಿರುಕು ಕಂಡಿತು. ಹೆಂಡತಿಯ ಮುಖ ಕಂಡಿತು. ತಂಗಿಯೂ ಎದ್ದು ಬಂದು ಬಾಯಿ ತೆರೆದಿದ್ದಳು. ಎಲ್ಲರೂ ಕೂಗಿ ಮುಗಿದ ಮೇಲಿನ ಆ ಮುಖಗಳು ಅವನಿಗೆ ಹೊಸದಲ್ಲ. ಪ್ರೆಸ್ಸಿನಲ್ಲಿ ಆ ಮಧ್ಯಾಹ್ನ ಸುತ್ತಲೂ ಇದೇ ಮುಖಗಳಿದ್ದವು. ಅವನು ಕೈ ಒರೆಸುವ ಬಟ್ಟೆಯನ್ನು ರೇಡಿಯೇಟರಿನ ಮೇಲಿಟ್ಟು, ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಗ್ಯಾರೇಜಿನವನನ್ನ ಕರೆಸು. ಕಿವುಡನ ಕೈಗೆ ಜಾಕ್ ಕೊಟ್ಟು ತಂಗಿಯನ್ನ ಕೆಳಗೆ ಮಲಗಿಸೋದು ತಪ್ಪು. ನಿನ್ನ ಕೈಮೇಲೆ ಬಿದ್ದಿದ್ದರೆ?" ಎಂದ. ಈ ಸಲ ದನಿ ಜೋರಾಗಿರಲಿಲ್ಲ.

ಸಿಸ್ಟರ್ ಕಾಗದ ಪೆನ್ನು ಹುಡುಕಲು ಹೋದಳು. ಹೆಂಡತಿ ಕಾಯಲಿಲ್ಲ. ಗಂಡನ ಎದುರು ನೆಲದ ಮೇಲೆ ಕೂತು ಅವನ ಗದ್ದ ಹಿಡಿದು ತನ್ನ ಮುಖದ ಕಡೆ ತಿರುಗಿಸಿಕೊಂಡಳು.

"ಕೂಗಿದ್ದು ಕೇಳಲಿಲ್ಲ. ಸರಿ. ಮತ್ತೆ ಯಾಕೆ ನಿಲ್ಲಿಸಿದಿರಿ?"

ಪ್ರೆಸ್ಸಣ್ಣ ಮುಖ ತಿರುಗಿಸಲು ನೋಡಿದ, ಅವಳು ಗದ್ದ ಬಿಡಲಿಲ್ಲ.

"ಹೇಳಿ. ಯಾಕೆ ನಿಲ್ಲಿಸಿದಿರಿ?"

"ನೀನು ಬಡಿದೆಯಲ್ಲ."

"ಬಡಿದದ್ದು ನಿಮಗೆ ಹೇಗೆ ಗೊತ್ತಾಯ್ತು?"

"ಹಿಡಿಯಿಂದ ಬಂತು. ಕೈಗೆ." ಹೇಳುತ್ತಾ ಹೇಳುತ್ತಾ ಪ್ರೆಸ್ಸಣ್ಣ ತನ್ನ ಅಂಗೈಯನ್ನು ತಾನೇ ನೋಡಿಕೊಂಡ.

"ಹಾಗಾದರೆ ತಪ್ಪು ಯಾರದು? ಕೈಗೆ ಕೇಳೋ ಮನುಷ್ಯನಿಗೆ ಬಾಯಲ್ಲಿ ಕೂಗ್ತಾ ನಿಂತಿದ್ದು ನಾನು. ಏಳಿ. ಒಂದು ಸಲ ಬಡಿದರೆ ನಿಲ್ಲಿಸಬೇಕು. ಎರಡು ಬಡಿದರೆ ಎತ್ತಬೇಕು. ಮೂರು ಬಡಿದರೆ ಇಳಿಸಬೇಕು. ನಾಲ್ಕು ಬಡಿದರೆ ಚಹಾ ಆಗಿದೆ ಅಂತ ಅರ್ಥ."

ಇಷ್ಟು ಸಲೀಸು ಮಾತು ಒಂದೂವರೆ ವರ್ಷ ಈ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪ್ರೆಸ್ಸಣ್ಣ ಮೊಣಕಾಲಿಗೆ ಕೈಯೂರಿ ಎದ್ದ.

ಬಿರುಕು ಬಿಟ್ಟ ಬಳೆಯ ತಿರುಪು ಬಿಚ್ಚಿ ಹಿಂದಕ್ಕೆ ಸರಿಸಿದರು. ಮೊದಲೇ ಹಾಗೆ ಮಾಡಬೇಕೆಂದು ಪುಸ್ತಕದಲ್ಲಿ ಬರೆದಿತ್ತು, ಕೆಂಪು ಬಣ್ಣದ ತಪ್ಪು ಹುಡುಕುವ ಭರದಲ್ಲಿ ಪ್ರೆಸ್ಸಣ್ಣ ಆ ಸಾಲನ್ನು ಹಾರಿಸಿದ್ದ. ಅದನ್ನು ಅವನೇ ಒಪ್ಪಿಕೊಂಡ. ಕೆಲಸ ಮತ್ತೆ ಶುರುವಾಯಿತು. ಟಕ್ ಟಕ್, ಎತ್ತಿದ. ಟಕ್, ನಿಲ್ಲಿಸಿದ. ಸಿಸ್ಟರ್ ಚಕ್ರದ ಬಳಿಯಿಂದ ಸಣ್ಣ ಪಾನದಲ್ಲಿ ಬಡಿದರೆ ಒಂದು ಬಗೆಯ ಕಂಪನ, ಹೆಂಡತಿ ಮೇಲಿಂದ ದೊಡ್ಡದರಲ್ಲಿ ಬಡಿದರೆ ಇನ್ನೊಂದು ಬಗೆ. ಯಾರು ಮಾತಾಡುತ್ತಿದ್ದಾರೆ ಎಂದು ತಿರುಗಿ ನೋಡುವ ಅಗತ್ಯವೇ ಅವನಿಗೆ ಬೀಳಲಿಲ್ಲ.

ಹಳೆಯ ಮೌಂಟು ಹೊರಗೆ ಬಂತು. ಹೊಸದನ್ನು ಪಕ್ಕದಲ್ಲಿಟ್ಟು ನೋಡಿದರೆ ಹಳೆಯದು ಹೆಬ್ಬೆರಳಷ್ಟು ಗಿಡ್ಡವಾಗಿತ್ತು. ರಬ್ಬರು ಸೀಳಿ ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. "ಪಾಪ, ಇದೆಷ್ಟು ದಿನದಿಂದ ಹೊತ್ತುಕೊಂಡಿತ್ತೋ" ಎಂದಳು ಸಿಸ್ಟರ್. ಹೊಸ ಮೌಂಟು ಕೂರಿಸಿ, ಬಿಸಿ ತಾಗದಂತೆ ಮೇಲೊಂದು ತಗಡಿನ ಟೋಪಿ ಇಟ್ಟರು. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ ಹಿಡಿಸಿದ ಮೇಲೆ, ಇಂಜಿನ್ನಿನ ಭಾರ ಇಳಿಸಿ ಬಿಗಿ ಮಾಡಿದರು. ಎಡಗಡೆಯದು ಅಷ್ಟು ಸತಾಯಿಸಲಿಲ್ಲ. ಸಂಜೆ ನಾಲ್ಕಕ್ಕೆ ಗೇರ್‌ಬಾಕ್ಸಿನದೂ ಮುಗಿಯಿತು. ಬಿರುಕಿಗೆ ಅಂಟು ಹಚ್ಚಿ, ಎರಡು ಕಡೆ ತೂತು ಕೊರೆದು ತಂತಿಯಲ್ಲಿ ಬಿಗಿದರು. "ಈ ಹೊಲಿಗೆ ಬಿಚ್ಚೋದಿಲ್ಲ" ಎಂದು ಸಿಸ್ಟರ್ ಭರವಸೆ ಕೊಟ್ಟಳು.

ಕಾರು ನೆಲಕ್ಕಿಳಿಯಿತು. ಸಿಸ್ಟರ್ ಒಳಗೆ ಕೂತು ಚಾವಿ ತಿರುಗಿಸಿದಳು. ಇಂಜಿನ್ನು ಒಮ್ಮೆ ಮೈಮುರಿದು ಹೊತ್ತಿಕೊಂಡಿತು. ಪ್ರೆಸ್ಸಣ್ಣ ರೆಕ್ಕೆಯ ಮೇಲೆ ಅಂಗೈ ಊರಿದ. ಏನೂ ಬರಲಿಲ್ಲ. ಒತ್ತಿ ಇಟ್ಟ. ನಿದ್ದೆ ಹೋದ ಹಸುವಿನ ಹೊಟ್ಟೆ ಮುಟ್ಟಿದ ಹಾಗೆ, ಎಲ್ಲೋ ಬಹಳ ಒಳಗೆ ಒಂದು ಮೆತ್ತನೆಯ ಏರಿಳಿತ. ಗೇರು ಹಾಕು ಎಂದು ಸನ್ನೆ ಮಾಡಿದ. ಧಡ್ ಇಲ್ಲ, ಒದೆತ ಇಲ್ಲ. ಹೆಂಡತಿ ಬಂದು ಅವನ ಕೈಯ ಪಕ್ಕದಲ್ಲೇ ತನ್ನ ಕೈಯಿಟ್ಟಳು. ಅವಳಿಗೇನು ತಿಳಿಯಿತೋ, ಕಣ್ಣೊರೆಸಿಕೊಂಡು, "ಬೆವರು" ಎಂದಳು.

ಮಾರನೆಯ ಬೆಳಿಗ್ಗೆ ಪ್ರೆಸ್ಸಣ್ಣ ಯಾರಿಗೂ ಹೇಳದೆ ಗೇಟು ತೆರೆದು ಬೀದಿಯ ಕೊನೆಗೆ ನಡೆದ. ಟೈಲರ್ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಪ್ರೆಸ್ಸಣ್ಣ ಜೇಬಿನಿಂದ ಬರೆದು ತಂದ ಚೀಟಿ ತೆಗೆದ, ಆಮೇಲೆ ಅದನ್ನು ಮಡಚಿ ಒಳಗೇ ಇಟ್ಟು, ಬಾಯಲ್ಲೇ ಹೇಳಿದ: "ಅವತ್ತು ನಿಮ್ಮ ತಾಯಿಯ ವಿಷಯ ನನಗೆ ಕೇಳಿಸಿರಲಿಲ್ಲ. ಕೇಳಿದವನ ಹಾಗೆ ನಟಿಸಿದೆ. ಕ್ಷಮಿಸಬೇಕು."

ಟೈಲರ್ ಯಂತ್ರದಿಂದ ಕಾಲು ತೆಗೆದು, ಸ್ಟೂಲು ಎಳೆದು ಅವನನ್ನು ಕೂರಿಸಿದ. "ನನಗೆ ಅವತ್ತೇ ಗೊತ್ತಾಯ್ತು ಅಣ್ಣ. ಮನೆಗೆ ಹೋಗಿ ಹೇಳಿದರೆ ಎಲ್ಲರೂ ನಕ್ಕರು. ಅವ್ವ ಇದ್ದಿದ್ದರೆ ಅವಳೂ ನಗ್ತಿದ್ದಳು" ಎಂದ. ಪ್ರೆಸ್ಸಣ್ಣನಿಗೆ ಅರ್ಧ ತಿಳಿಯಿತು. "ಇನ್ನೊಂದು ಸಲ ಹೇಳಿ, ನಿಧಾನಕ್ಕೆ" ಎಂದು ಕೇಳಿದ. ಹಾಗೆ ಕೇಳುವುದಕ್ಕೆ ಇಷ್ಟು ದಿನ ಯಾಕೆ ನಾಚಿಕೆಪಟ್ಟೆನೋ ಎಂದು ಅವನಿಗೇ ಆಶ್ಚರ್ಯವಾಯಿತು.

ಆ ವಾರವೇ ಗ್ಯಾರೇಜಿನ ಮಾಲೀಕ ದೊರೆಸಾನಿ ಸದ್ದಿಲ್ಲದೆ ಹೋಗುವುದನ್ನು ಕಂಡು ಸಿಸ್ಟರನ್ನು ತಡೆದು ನಿಲ್ಲಿಸಿದ. ವಿಷಯ ಕೇಳಿ, ತಾನು ದುಡುಕಿದೆನೆಂದು ಒಪ್ಪಿಕೊಂಡು, ಮನೆಗೇ ಬಂದ. ಬಂದವನು ನಡುಗುತ್ತಿದ್ದ ಒಂದು ವ್ಯಾನನ್ನೂ ಜೊತೆಗೆ ತಂದಿದ್ದ. ಪ್ರೆಸ್ಸಣ್ಣ ಅಂಗೈಯಿಟ್ಟು, ಕಣ್ಣು ಮುಚ್ಚಿ, ಗಂಭೀರವಾಗಿ, "ಕ್ಲಚ್" ಎಂದ. ಎರಡು ದಿನ ಬಿಚ್ಚಿ ನೋಡಿದರೆ ಕ್ಲಚ್ ಹೊಚ್ಚಹೊಸದಾಗಿತ್ತು. ನಡುಗುತ್ತಿದ್ದದ್ದು ವ್ಯಾನಿನ ನೆತ್ತಿಯ ಮೇಲೆ ಸಡಿಲವಾಗಿ ಕಟ್ಟಿದ್ದ ಏಣಿ. ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. ಪ್ರೆಸ್ಸಣ್ಣನ ಕಿವಿ ಕೆಂಪಾಯಿತು, ಆದರೆ ಅವನು ಮನೆಗೆ ಓಡಿಹೋಗಲಿಲ್ಲ. ತಾನೇ ಮೇಲೆ ಹತ್ತಿ ಏಣಿಯನ್ನು ಬಿಗಿದುಕೊಟ್ಟ.

ಈಗ ವಾರಕ್ಕೆ ಮೂರು ಬೆಳಿಗ್ಗೆ ಅವನು ಗ್ಯಾರೇಜಿಗೆ ಹೋಗುತ್ತಾನೆ. ಹತ್ತರಲ್ಲಿ ಎಂಟು ಸಲ ಅವನು ಹೇಳಿದ್ದು ಸರಿಯಿರುತ್ತದೆ. ಉಳಿದೆರಡು ಸಲದ ಕಥೆಯನ್ನು ಮಾಲೀಕ ಬಂದವರಿಗೆಲ್ಲ ಹೇಳುತ್ತಾನೆ, ಪ್ರೆಸ್ಸಣ್ಣ ನಡುವೆ ಬಾಯಿ ಹಾಕಿ ತಿದ್ದುತ್ತಾನೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅಂದಿನ ವಾಹನಗಳ ಸಮಾಚಾರವೆಲ್ಲ ಜೋರು ದನಿಯಲ್ಲಿ ಹೊರಬೀಳುತ್ತದೆ. "ಅಕ್ಕಪಕ್ಕದವರಿಗೂ ಈಗ ಗೇರ್‌ಬಾಕ್ಸ್ ಬಾಯಿಪಾಠ" ಎಂದು ಹೆಂಡತಿ ಗೊಣಗುತ್ತಾಳೆ, ಗೊಣಗಿಕೊಂಡೇ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, "ಆಮೇಲೆ ಏನಾಯ್ತು?" ಎಂದು ಅವನಿಗೆ ಕಾಣುವ ಹಾಗೆ ಕೇಳುತ್ತಾಳೆ.